ಯಂತ್ರವಾಕ್ಯದ ಪ್ರಾಮಾಣ್ಯ

ಮಧುಮೇಹವನ್ನು ಮೊದಲು ಕಂಡುಹಿಡಿದವರು ವೈದ್ಯರೆಂದು ಹೇಳುವುದು ಪೂರ್ತಿಯಾಗಿ ಸರಿಯಾಗಲಾರದು. ಇರುವೆಗಳು ಅವರಿಗಿಂತ ಮುಂದಾಗಿದ್ದುವು. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳನ್ನು ಎಣಿಸುವ ಸಂದರ್ಭದಲ್ಲಿ, ರೋಗಿಯ ಮೈಗೂ ಮೂತ್ರಕ್ಕೂ ಇರುವೆಗಳು ಮುತ್ತುವುದನ್ನು ಒಂದು ಲಕ್ಷಣವಾಗಿ ಹೇಳಿದೆ. ಪ್ರಮೇಹಗಳನ್ನು ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು ಎಂದು ಇಪ್ಪತ್ತು ಬಗೆಯಾಗಿ ವಿಂಗಡಿಸಬಲ್ಲಷ್ಟು ಸೂಕ್ಷ್ಮಬುದ್ಧಿಯುಳ್ಳ ಆ ಶಾಸ್ತ್ರಕಾರರು ಇರುವೆಯಂಥ ಅಲ್ಪಜೀವಿಯನ್ನು ಸಾಕ್ಷಿಗೆ ಕರೆಯಲು ಸಂಕೋಚಪಡಲಿಲ್ಲ. ಆದರೆ ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಇರುವೆಗೆ ಸಿಹಿ ಗೊತ್ತೇ ಹೊರತು ರೋಗ ಗೊತ್ತಿಲ್ಲ. ಅದು ಮುತ್ತಿದುದನ್ನು ಕಂಡು, ಇವನಿಗೆ ಪ್ರಮೇಹವು ಬರಲಿದೆಯೆಂದು ನಿಶ್ಚಯಿಸಿದವನು ವೈದ್ಯನು. ಆ ಮಾತನ್ನು ರೋಗಿಗೆ ಹೇಳಿದವನೂ ವೈದ್ಯನೇ. ಹೇಳಿ, ಪಥ್ಯವನ್ನು ವಿಧಿಸಿ, ಗುಣವಾಗದೆ ಹೋದರೆ ಅಪಕೀರ್ತಿಯನ್ನು ಹೊತ್ತವನೂ ಅವನೇ. ಇರುವೆಯ ಮೇಲೆ ಯಾರೂ ದೂರು ಹೊರಿಸಿದುದಿಲ್ಲ.

ಇಂದು ಇರುವೆಯ ಸ್ಥಾನದಲ್ಲಿ ಯಂತ್ರವು ಬಂದು ನಿಂತಿದೆ. ಕೃತಕ ಬುದ್ಧಿಮತ್ತೆಯೆಂದು ಹೆಸರಾದ ಈ ಹೊಸ ವಿದ್ಯೆಯು ಮಧುಮೇಹಿಯ ಕಣ್ಣಿನ ಚಿತ್ರವನ್ನು ನೋಡಿ ರೋಗವನ್ನು ಗುರುತಿಸುತ್ತದೆ. ಚರ್ಮದಡಿಯ ಸಣ್ಣ ಸೂಜಿಯ ಮೂಲಕ ಸಕ್ಕರೆಯ ಏರಿಳಿತವನ್ನು ಅಳೆದು ಔಷಧದ ಪ್ರಮಾಣವನ್ನು ನಿಶ್ಚಯಿಸುತ್ತದೆ. ಇರುವೆಯಂತೆ ಇದು ಸುಮ್ಮನೆ ಮುತ್ತಿ ಹೋಗುವುದಿಲ್ಲ, ವಾಕ್ಯವನ್ನು ನುಡಿಯುತ್ತದೆ. ನುಡಿದ ವಾಕ್ಯಕ್ಕೆ ನುಡಿದವನೊಬ್ಬನು ಇರಬೇಕಲ್ಲವೆ? ಈ ವಾಕ್ಯಕ್ಕೆ ಆಡಿದವರು ಯಾರು? ಇದನ್ನು ಯಾವ ಬಗೆಯ ಪ್ರಮಾಣವೆಂದು ಎಣಿಸತಕ್ಕದ್ದು? ಅದನ್ನು ಕೇಳಿಸಿಕೊಂಡ ರೋಗಿಗೆ ಯಾರು ಏನನ್ನು ಸಲ್ಲಿಸಬೇಕಾಗುವುದು?

ಈ ವಿಚಾರವು ಪಂಡಿತರ ಕಾಲಕ್ಷೇಪಕ್ಕೆಂದು ಎತ್ತಿದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಅಂದಾಜಿನಂತೆ ಈ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಮಂದಿ ಅದರ ಹೊಸ್ತಿಲಿನಲ್ಲಿ ನಿಂತಿದ್ದಾರೆ. ಸಕ್ಕರೆ ಕಾಯಿಲೆಯವರು ಒಬ್ಬರಾದರೂ ಇಲ್ಲದ ಬಂಧುವರ್ಗವನ್ನು ಹುಡುಕಿ ತೆಗೆಯುವುದು ಕಷ್ಟ. ಈ ರೋಗವು ಸದ್ದು ಮಾಡದೆ ಬರುವುದು. ಕಣ್ಣಿನ ವಿಷಯದಲ್ಲಂತೂ ಅದು ಕಳ್ಳನಿಗಿಂತಲೂ ಮೆಲ್ಲಗೆ ನಡೆಯುವುದು. ಕಣ್ಣಿನ ಹಿಂಬದಿಯಲ್ಲಿ, ಬೆಳಕನ್ನು ಹಿಡಿಯುವ ಅಕ್ಷಿಪಟಲವೆಂಬ ತೆಳುವಾದ ಪದರವುಂಟು. ಹಲವು ವರ್ಷಗಳ ಸಕ್ಕರೆಯು ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಗೋಡೆಗಳನ್ನು ಸಡಿಲಿಸುತ್ತದೆ. ಮೊದಲು ಗೋಡೆಯು ಅಲ್ಲಲ್ಲಿ ಉಬ್ಬಿ, ಸೂಜಿಯ ಮೊನೆಯಷ್ಟು ಕೆಂಪು ಚುಕ್ಕೆಗಳು ಕಾಣಿಸುತ್ತವೆ. ಬಳಿಕ ರಕ್ತವೂ ಜಿಡ್ಡೂ ಒಸರುತ್ತವೆ. ಕಡೆಗೆ ರಕ್ತ ಸಾಲದೆ ಹಸಿದ ಪಟಲವು ಹೊಸ ನಾಳಗಳನ್ನು ಹುಟ್ಟಿಸುತ್ತದೆ. ಆ ನಾಳಗಳು ಬಲವಿಲ್ಲದವು; ಒಡೆದರೆ ಕಣ್ಣೊಳಗೆ ರಕ್ತವು ತುಂಬಿ ಕತ್ತಲೆ ಕವಿಯುವುದು. ವಿಚಿತ್ರವೇನೆಂದರೆ, ಇಷ್ಟೆಲ್ಲ ನಡೆಯುತ್ತಿರುವಾಗಲೂ ಬಹುಕಾಲದವರೆಗೆ ರೋಗಿಗೆ ನೋವಿಲ್ಲ, ಮಬ್ಬಿಲ್ಲ. ಪಂಚಾಂಗದ ಸಣ್ಣಕ್ಷರವನ್ನು ಸರಾಗವಾಗಿ ಓದುತ್ತಿರುತ್ತಾನೆ. ಮಬ್ಬು ತಿಳಿಯುವ ಹೊತ್ತಿಗೆ ಕಳೆದುದು ಬಹುಮಟ್ಟಿಗೆ ಕಳೆದೇ ಹೋಗಿರುವುದು. ಮುಂಚೆಯೇ ಗೊತ್ತಾದರೆ ಮಾತ್ರ ಲೇಸರ್ ಕಿರಣದಿಂದಲೂ ಕಣ್ಣಿಗೆ ಕೊಡುವ ಚುಚ್ಚುಮದ್ದಿನಿಂದಲೂ ದೃಷ್ಟಿಯನ್ನು ಉಳಿಸಬಹುದು. ಆದುದರಿಂದ ಮಧುಮೇಹಿಯು ಕಣ್ಣು ಚೆನ್ನಾಗಿರುವಾಗಲೇ ವರ್ಷಕ್ಕೊಮ್ಮೆ ಕಣ್ಣನ್ನು ತೋರಿಸಬೇಕು. ಆದರೆ ಹತ್ತು ಕೋಟಿ ಜನರ ಕಣ್ಣುಗಳನ್ನು ವರ್ಷವರ್ಷವೂ ನೋಡುವಷ್ಟು ನೇತ್ರವೈದ್ಯರು ಇಲ್ಲ, ಇರುವವರೂ ಪಟ್ಟಣಗಳಲ್ಲಿದ್ದಾರೆ. ಯಂತ್ರಕ್ಕೆ ಎಡೆ ದೊರೆತುದು ಇಲ್ಲಿ.

ಯಂತ್ರವು ಈ ವಿದ್ಯೆಯನ್ನು ಕಲಿತ ಕ್ರಮವನ್ನು ತಿಳಿದರೆ ಮುಂದಿನ ವಿಚಾರವು ಸುಲಭವಾಗುವುದು. ಗೂಗಲ್ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 1,28,175 ಕಣ್ಣಿನ ಚಿತ್ರಗಳನ್ನು ಯಂತ್ರದ ಮುಂದೆ ಇಟ್ಟರು. ಆ ಪ್ರಯೋಗಕ್ಕಾಗಿ ಅಮೆರಿಕದಿಂದ ಬಂದ ಚಿತ್ರಗಳೊಡನೆ ಅರವಿಂದ ಕಣ್ಣಿನ ಆಸ್ಪತ್ರೆ, ಮದ್ರಾಸಿನ ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯ ಈ ಮೂರು ಕಡೆಗಳಿಂದಲೂ ಚಿತ್ರಗಳು ಹೋಗಿದ್ದುವು. ಒಂದೊಂದು ಚಿತ್ರವನ್ನೂ ಮೂರರಿಂದ ಏಳು ಸಲದವರೆಗೆ ಬೇರೆ ಬೇರೆ ವೈದ್ಯರು ನೋಡಿ, ರೋಗವು ಇದೆ, ಇಲ್ಲ, ಇದ್ದರೆ ಇಷ್ಟು ಎಂದು ಗುರುತು ಹಾಕಿದರು. ಹೀಗೆ ಗುರುತು ಹಾಕಿದವರು 54 ಮಂದಿ. ಯಂತ್ರಕ್ಕೆ ಯಾರೂ ಲಕ್ಷಣಶ್ಲೋಕವನ್ನು ಬಾಯಿಪಾಠ ಮಾಡಿಸಲಿಲ್ಲ. ಕೆಂಪು ಚುಕ್ಕೆಯನ್ನು ಹುಡುಕು, ಜಿಡ್ಡನ್ನು ಹುಡುಕು ಎಂದು ಹೇಳಲಿಲ್ಲ. ಚಿತ್ರ, ಗುರುತು, ಚಿತ್ರ, ಗುರುತು, ಹೀಗೆಯೇ ಪಾಠವು ನಡೆಯಿತು. ಕಡೆಗೆ ಹೊಸ ಚಿತ್ರಗಳನ್ನು ತೋರಿಸಿ ಪರೀಕ್ಷಿಸಿದಾಗ, ರೋಗಿಗಳನ್ನು ತಪ್ಪಿಸದಂತೆ ಅಣಿಮಾಡಿದ ಯಂತ್ರವು ರೋಗವಿದ್ದ ನೂರರಲ್ಲಿ 96ಕ್ಕಿಂತ ಹೆಚ್ಚನ್ನು ಹಿಡಿಯಿತು. ಗುರುತು ಹಾಕಿದ ವೈದ್ಯರಲ್ಲಿಯೇ ಒಬ್ಬರಿಗೊಬ್ಬರಿಗೆ ಎಲ್ಲ ಚಿತ್ರಗಳಲ್ಲಿಯೂ ಒಮ್ಮತವಿರಲಿಲ್ಲವೆಂಬುದನ್ನು ಇಲ್ಲಿ ಮರೆಯಕೂಡದು. ಯಂತ್ರದ ಜ್ಞಾನವು ಆಕಾಶದಿಂದ ಇಳಿದುದಲ್ಲ. ಐವತ್ತನಾಲ್ಕು ಮಂದಿಯ ಕಣ್ಣುಗಳ ಎರವು.

ನ್ಯಾಯಶಾಸ್ತ್ರದಲ್ಲಿ ಅನುಮಾನವನ್ನು ಸ್ವಾರ್ಥ, ಪರಾರ್ಥ ಎಂದು ಎರಡಾಗಿ ಮಾಡಿದೆ. ಅಡಿಗೆಮನೆಯಲ್ಲಿ ಹೊಗೆಯೊಡನೆ ಬೆಂಕಿಯನ್ನು ಮತ್ತೆ ಮತ್ತೆ ಕಂಡವನು, ದೂರದ ಬೆಟ್ಟದ ಮೇಲೆ ಹೊಗೆಯನ್ನು ನೋಡಿ ಅಲ್ಲಿ ಬೆಂಕಿಯುಂಟೆಂದು ತನ್ನಷ್ಟಕ್ಕೆ ತಾನು ತಿಳಿದುಕೊಳ್ಳುವುದು ಸ್ವಾರ್ಥಾನುಮಾನ. ಅದನ್ನೇ ಇನ್ನೊಬ್ಬನಿಗೆ ತಿಳಿಸಬೇಕಾದರೆ ಅಷ್ಟು ಸಾಲದು. ಬೆಟ್ಟದಲ್ಲಿ ಬೆಂಕಿಯಿದೆಯೆಂಬ ಪ್ರತಿಜ್ಞೆ, ಹೊಗೆ ಕಾಣುವುದೆಂಬ ಹೇತು, ಅಡಿಗೆಮನೆಯ ಉದಾಹರಣೆ, ಅದನ್ನು ಬೆಟ್ಟಕ್ಕೆ ಕೂಡಿಸುವ ಉಪನಯ, ಕಡೆಗೆ ನಿಗಮನ ಎಂದು ಐದು ಅವಯವಗಳನ್ನು ಅವನ ಮುಂದೆ ಇಡಬೇಕು, ಇದು ಪರಾರ್ಥಾನುಮಾನ. ಯಂತ್ರದ ಬಳಿ ಒಂದು ಲಕ್ಷ ಇಪ್ಪತ್ತೆಂಟು ಸಾವಿರ ಅಡಿಗೆಮನೆಗಳಿವೆ. ಅಷ್ಟು ಭೂಯೋದರ್ಶನವು ಯಾವ ವೈದ್ಯನಿಗೂ ಒಂದು ಜನ್ಮದಲ್ಲಿ ದೊರೆಯುವುದು ಕಷ್ಟ. ಆದರೆ ಅದು ಪ್ರತಿಜ್ಞೆಯೊಂದನ್ನು ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ. ಹೇತುವೇನೆಂದು ಕೇಳಿದರೆ, ಚಿತ್ರದ ಯಾವ ಭಾಗವು ಹೆಚ್ಚು ಎಣಿಕೆಗೆ ಬಂದಿತೆಂದು ಬಣ್ಣ ಬಳಿದು ತೋರಿಸುವ ಉಪಾಯಗಳು ಈಗ ಇವೆ. ಇಲ್ಲಿ ನೋಡಿದೆನೆನ್ನುವುದು ಬೇರೆ, ಇದಕ್ಕಾಗಿ ಹೀಗೆ ನಿಶ್ಚಯಿಸಿದೆನೆನ್ನುವುದು ಬೇರೆ.

ಈ ಭೇದವನ್ನು ಕೂದಲು ಸೀಳುವ ತರ್ಕವೆಂದು ತಳ್ಳಿಹಾಕುವವರು 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವನ್ನು ಆಲೋಚಿಸಬೇಕು. ಇಂಥದೇ ಯಂತ್ರಕ್ಕೆ ಕಣ್ಣಿನ ಹಿಂಬದಿಯ ಚಿತ್ರವನ್ನಷ್ಟೇ ತೋರಿಸಿ, ಇದು ಗಂಡಸಿನದೋ ಹೆಂಗಸಿನದೋ ಎಂದು ಕೇಳಲಾಯಿತು. ಯಂತ್ರವು ಬಹುಮಟ್ಟಿಗೆ ತಪ್ಪದೆ ಹೇಳಿತು. ವಯಸ್ಸನ್ನು ಸರಾಸರಿ ಮೂರು ವರ್ಷಕ್ಕೆ ತುಸು ಮೀರಿದ ಅಂತರದೊಳಗೆ ಹೇಳಿತು. ಕಣ್ಣಿನ ವಿದ್ಯೆಯಲ್ಲಿ ತಲೆ ನರೆತ ವೈದ್ಯರು ಅದೇ ಚಿತ್ರವನ್ನು ನೋಡಿ ಗಂಡುಹೆಣ್ಣೆಂಬ ಭೇದವನ್ನು ಹೇಳಲಾರರು. ಅಲ್ಲಿ ಅಂಥ ಭೇದವಿದೆಯೆಂದೇ ಅವರು ಎಣಿಸಿರಲಿಲ್ಲ. ಶಿಷ್ಯನು ಗುರುವನ್ನು ಮೀರುವುದು ಸಂತೋಷದ ವಿಷಯವೇ. ಆದರೆ ಮೀರಿದ ಶಿಷ್ಯನು ಹೇಗೆ ಮೀರಿದೆನೆಂದು ಗುರುವಿಗೆ ತಿಳಿಸಲಾರದವನಾದರೆ, ಅವನ ಮಾತು ಸರಿಯಾದ ದಿನ ಗುರುವು ಮೆಚ್ಚಬಹುದು. ತಪ್ಪಿದ ದಿನ ತಿದ್ದಲಾರನು.

ಯಂತ್ರವು ತಪ್ಪುವುದು ಎಲ್ಲಿ? ಇದಕ್ಕೂ ನೈಯಾಯಿಕರು ಒಂದು ಹೆಸರಿಟ್ಟಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯೆಂಬ ವ್ಯಾಪ್ತಿಯು ಸರಿ. ಬೆಂಕಿಯಿದ್ದಲ್ಲಿ ಹೊಗೆಯೆಂಬುದು ಸರಿಯಲ್ಲ, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯು ಬರಬೇಕಾದರೆ ಹಸಿ ಸೌದೆಯೂ ಕೂಡಬೇಕು. ಕಾಣದೆ ಹಿಂದೆ ನಿಂತ ಈ ಹಸಿ ಸೌದೆಗೆ ಉಪಾಧಿಯೆಂದು ಹೆಸರು. ಹಸಿ ಸೌದೆಯ ಮನೆಗಳನ್ನೇ ಸಾವಿರ ಕಂಡವನು ಎಂದಾದರೂ ಒಂದು ದಿನ ಮೋಸಹೋಗುತ್ತಾನೆ.

ಥಾಯ್ಲೆಂಡ್ ದೇಶದಲ್ಲಿ ನಡೆದುದು ಇದಕ್ಕೆ ನಿದರ್ಶನ. ಅಲ್ಲಿ ಸುಮಾರು 45 ಲಕ್ಷ ಮಧುಮೇಹಿಗಳಿಗೆ ಸುಮಾರು 1,500 ಮಂದಿ ನೇತ್ರವೈದ್ಯರು. ಪಥುಮ್ ಥಾನಿ, ಚಿಯಾಂಗ್ ಮಾಯ್ ಪ್ರಾಂತಗಳ ಹನ್ನೊಂದು ಚಿಕಿತ್ಸಾಲಯಗಳಲ್ಲಿ 2018ರ ಕಡೆಯಿಂದ 2019ರ ಆಗಸ್ಟ್‌ವರೆಗೆ ಗೂಗಲ್‌ನ ಯಂತ್ರವನ್ನು ನಿಜವಾದ ಕೆಲಸಕ್ಕೆ ಹೂಡಿದಾಗ ಏನಾಯಿತೆಂಬುದನ್ನು ಆ ಸಂಸ್ಥೆಯವರೇ 2020ರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಈ ಪ್ರಾಮಾಣಿಕತೆಗಾಗಿ ಅವರನ್ನು ಶ್ಲಾಘಿಸತಕ್ಕದ್ದು. ಕತ್ತಲೆಕೋಣೆಯಲ್ಲಿ ತೆಗೆದ ಶುಭ್ರವಾದ ಚಿತ್ರಗಳನ್ನು ನೋಡಿ ಕಲಿತ ಯಂತ್ರಕ್ಕೆ, ಕಿಟಕಿಯ ಬೆಳಕು ಬೀಳುವ ಇಕ್ಕಟ್ಟಾದ ಕೋಣೆಯಲ್ಲಿ ಅವಸರದಿಂದ ತೆಗೆದ ಚಿತ್ರಗಳು ಒಗ್ಗಲಿಲ್ಲ. 1,838 ಚಿತ್ರಗಳಲ್ಲಿ ನೂರಕ್ಕೆ 21ರಷ್ಟನ್ನು, ಇದನ್ನು ನೋಡಿ ಹೇಳಲಾರೆನೆಂದು ಯಂತ್ರವು ಹಿಂದಕ್ಕೆ ತಳ್ಳಿತು. ಅವುಗಳಲ್ಲಿ ಕೆಲವನ್ನು ದಾದಿಯರೇ ನೋಡಿ, ಇದು ನಿರೋಗಿಯಾದ ಕಣ್ಣೆಂದು ಹೇಳಬಲ್ಲವರಾಗಿದ್ದರು. ಒಂದು ಕಡೆ ಎರಡು ಗಂಟೆಗಳ ಕಾಲ ಇಂಟರ್ನೆಟ್ ನಿಂತು, ಇನ್ನೂರು ಮಂದಿಯನ್ನು ನೋಡಬೇಕಾದ ದಿನ ನೂರು ಮಂದಿಯನ್ನಷ್ಟೇ ನೋಡಲಾಯಿತು. ಯಂತ್ರದ ಗಣಿತವು ಕೆಟ್ಟಿರಲಿಲ್ಲ. ಕೋಣೆಯ ಕತ್ತಲೆ, ಕ್ಯಾಮರಾ, ತಂತಿ, ದಾದಿಯ ಬಿಡುವು ಇವೆಲ್ಲ ಆ ಗಣಿತದ ಹಿಂದೆ ಉಪಾಧಿಗಳಾಗಿ ನಿಂತಿದ್ದುವು. ಯಂತ್ರವು ಕಲಿಯುವಾಗ ಯಾರೂ ಅವುಗಳನ್ನು ಎಣಿಸಿರಲಿಲ್ಲ.

ಆಗಲಿ, ಉಪಾಧಿಗಳನ್ನು ಒಂದೊಂದಾಗಿ ಕಳೆಯಬಹುದು. ಬೆಂಗಳೂರಿನ ರೆಮಿಡಿಯೋ ಎಂಬ ಸಂಸ್ಥೆಯು ಮೊಬೈಲ್ ಫೋನಿಗೇ ಕಣ್ಣಿನ ಕ್ಯಾಮರಾವನ್ನು ಜೋಡಿಸಿ, ಇಂಟರ್ನೆಟ್ಟಿನ ಹಂಗಿಲ್ಲದೆ ಫೋನಿನೊಳಗೇ ತೀರ್ಪು ಬರುವಂತೆ ಮಾಡಿದೆ. ಮುಂಬಯಿಯ ನಗರಪಾಲಿಕೆಯ ದವಾಖಾನೆಗಳಲ್ಲಿ ಇದನ್ನು ಪರೀಕ್ಷಿಸಿದ ವರದಿಯು 2019ರಲ್ಲಿ ಬಂದಿತು. ಪರೀಕ್ಷೆಗೆ ಒಳಪಟ್ಟವರು ಇನ್ನೂರಕ್ಕೆ ಸ್ವಲ್ಪ ಹೆಚ್ಚು ಮಂದಿ ಮಾತ್ರ. ಆದರೂ ನೇತ್ರವೈದ್ಯರ ಬಳಿಗೆ ಕಳುಹಿಸಲೇಬೇಕಾಗಿದ್ದವರಲ್ಲಿ ಒಬ್ಬರನ್ನೂ ಅದು ಕೈಬಿಡಲಿಲ್ಲ. ಆದುದರಿಂದ ಯಂತ್ರವು ತಪ್ಪುವುದೆಂಬುದೊಂದೇ ಆಕ್ಷೇಪವಾಗಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಇಂದಿನ ತಪ್ಪು ನಾಳೆ ಕಡಮೆಯಾಗುವುದು.

ಉಳಿಯುವ ಪ್ರಶ್ನೆ ಬೇರೆ. ಹೇತುವನ್ನು ಕೇಳಿ ತೂಗಿ ನೋಡಲಾರದವನು ಮಾತನ್ನು ನಂಬಬೇಕಾದರೆ ಶಬ್ದಪ್ರಮಾಣವನ್ನು ಆಶ್ರಯಿಸಬೇಕು. ಆಪ್ತನಾದವನ ಉಪದೇಶವೇ ಶಬ್ದವೆಂದು ಗೌತಮನ ಮತ. ಆಪ್ತನು ಯಾರೆಂಬುದಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಲಕ್ಷಣದಲ್ಲಿ ಎರಡು ಅಂಶಗಳುಂಟು. ಅವನು ವಸ್ತುವನ್ನು ಸಾಕ್ಷಾತ್ತಾಗಿ ಕಂಡವನಾಗಿರಬೇಕು. ಕಂಡಂತೆಯೇ ಇತರರಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಪ್ರೇರಿತನಾಗಿರಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸಿರುವುದು ಬಹು ಉದಾರವಾದ ಮಾತು. ಹುಟ್ಟಿನಿಂದ ಯಾರನ್ನೂ ಹೊರಗಿಡಲಿಲ್ಲ. ಯಂತ್ರವನ್ನು ಒಳಗೆ ಸೇರಿಸಬಹುದೇ? ಮೊದಲನೆಯ ಅಂಶವು ಯಂತ್ರಕ್ಕೆ ಒಪ್ಪುವುದೆಂದು ವಾದಕ್ಕಾಗಿ ಇಟ್ಟುಕೊಳ್ಳೋಣ. ಅದು ಕಣ್ಣನ್ನು ವೈದ್ಯನಿಗಿಂತ ಚೆನ್ನಾಗಿ ಕಂಡಿದೆ. ಎರಡನೆಯದು ಒಪ್ಪುವುದಿಲ್ಲ. ತಿಳಿಸಬೇಕೆಂಬ ಇಚ್ಛೆ ಅದಕ್ಕಿಲ್ಲ. ಕೇಳುವವಳು ಬದುಕಲಿ, ಕುರುಡಾಗದಿರಲಿ ಎಂಬ ಅಪೇಕ್ಷೆ ಅದಕ್ಕಿಲ್ಲ. ಕುರುಡಾಗಲೆಂಬ ದ್ವೇಷವೂ ಇಲ್ಲ. ಆದುದರಿಂದ ಯಂತ್ರದ ವಾಕ್ಯವು ತಾನಾಗಿಯೇ ಆಪ್ತವಾಕ್ಯವಾಗಲಾರದು. ಇಚ್ಛೆಯುಳ್ಳವನೊಬ್ಬನು ಅದನ್ನು ತನ್ನ ವಾಕ್ಯವನ್ನಾಗಿ ಮಾಡಿಕೊಂಡು ನುಡಿದಾಗ ಮಾತ್ರ ಆಗಬಹುದು.

ಇಂಥವನು ಎಲ್ಲ ಕಡೆಯಲ್ಲಿಯೂ ಇರುವನೇ? ಅಮೆರಿಕದ ಆಯೋವಾ ಸಂಸ್ಥಾನದ ನೇತ್ರವೈದ್ಯರಾದ ಮೈಕೇಲ್ ಅಬ್ರಾಮಾಫ್ ಎಂಬವರು ಸ್ಥಾಪಿಸಿದ ಸಂಸ್ಥೆಯ ಯಂತ್ರವೊಂದಕ್ಕೆ 2018ರ ಏಪ್ರಿಲ್‌ನಲ್ಲಿ ಆ ದೇಶದ ಸರ್ಕಾರವು ಅನುಮತಿ ಕೊಟ್ಟಿತು. ಯಾವ ವೈದ್ಯನೂ ಚಿತ್ರವನ್ನು ನೋಡದೆ ಯಂತ್ರವೇ ತೀರ್ಪು ಕೊಡಬಹುದೆಂದು ಅಲ್ಲಿನ ಸರ್ಕಾರವು ಒಪ್ಪಿದುದು ಅದೇ ಮೊದಲು. ಆ ಯಂತ್ರಕ್ಕೆ ಬರುವ ತೀರ್ಪುಗಳು ಎರಡೇ. ರೋಗವು ಅಲ್ಪಕ್ಕಿಂತ ಹೆಚ್ಚಾಗಿದೆ, ನೇತ್ರವೈದ್ಯರ ಬಳಿಗೆ ಹೋಗತಕ್ಕದ್ದು ಎಂಬುದೊಂದು. ಇಲ್ಲ, ಹನ್ನೆರಡು ತಿಂಗಳ ಮೇಲೆ ಮತ್ತೆ ಬರತಕ್ಕದ್ದು ಎಂಬುದಿನ್ನೊಂದು. ಹತ್ತು ಕಡೆಗಳಲ್ಲಿ 900 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ರೋಗವಿದ್ದ ನೂರರಲ್ಲಿ ಸುಮಾರು 87 ಮಂದಿಯನ್ನು ಹಿಡಿಯಿತು. ಉಳಿದ ಹದಿಮೂರು ಮಂದಿಗೆ, ಹನ್ನೆರಡು ತಿಂಗಳ ಮೇಲೆ ಬಾ ಎಂಬ ಎರಡನೆಯ ವಾಕ್ಯವು ದೊರೆತಂತಾಯಿತು. ಅವರೇನೋ ನೆಮ್ಮದಿಯಾಗಿ ಮನೆಗೆ ಹೋಗುವರು. ಆ ನೆಮ್ಮದಿಗೆ ಹೊಣೆ ಯಾರು? ಅಬ್ರಾಮಾಫರ ಸಂಸ್ಥೆಯು ಈ ಪ್ರಶ್ನೆಯಿಂದ ನುಣುಚಿಕೊಳ್ಳಲಿಲ್ಲವೆಂಬುದನ್ನು ಹೇಳಲೇಬೇಕು. ಯಂತ್ರದ ತಪ್ಪಿಗೆ ಅದನ್ನು ಬಳಸಿದ ವೈದ್ಯನಲ್ಲ, ತಾನೇ ಹೊಣೆಯೆಂದು ಒಪ್ಪಿ, ಅದಕ್ಕೆ ತಕ್ಕ ವಿಮೆಯನ್ನೂ ಮಾಡಿಸಿಕೊಂಡಿತು. ಯಂತ್ರದ ಬೆನ್ನ ಹಿಂದೆ ಒಬ್ಬ ಮನುಷ್ಯನು ನಿಂತು, ಇದು ನನ್ನ ಮಾತೆಂದು ಸಹಿ ಹಾಕಿದಂತಾಯಿತು. ಆದರೆ ವಿಮೆಯಿಂದ ಹಣ ಬರುವುದು; ಹೋದ ಕಣ್ಣು ಬರುವುದಿಲ್ಲ.

ಇಲ್ಲಿ ಪೂರ್ವಪಕ್ಷವು ಬಲವಾಗಿಯೇ ಏಳುವುದು. ಮನುಷ್ಯವೈದ್ಯನು ಮಾತ್ರ ಹೇತುವನ್ನು ಹೇಳುವನೇ? ದಿನಕ್ಕೆ ನೂರು ರೋಗಿಗಳನ್ನು ನೋಡುವವನು ಮುಖವನ್ನು ಕೂಡ ಎತ್ತದೆ ಚೀಟಿಯನ್ನು ಬರೆದು ಕೈಗೆ ಕೊಡುವುದಿಲ್ಲವೆ? ಆ ಚೀಟಿಯ ಅಕ್ಷರವು ಔಷಧದ ಅಂಗಡಿಯವನೊಬ್ಬನಿಗಲ್ಲದೆ ಇನ್ನಾರಿಗೂ ತಿಳಿಯದು. ಅವನ ಇಚ್ಛೆಯಾದರೂ ಶುದ್ಧವೆಂದು ಯಾರು ಬಲ್ಲರು? ಬೇಡದ ಪರೀಕ್ಷೆಗಳನ್ನು ಬರೆಯುವವರಿಲ್ಲವೆ? ಯಂತ್ರಕ್ಕೆ ದಣಿವಿಲ್ಲ, ಲೋಭವಿಲ್ಲ, ಬಡವನೆಂಬ ತಾತ್ಸಾರವಿಲ್ಲ. ನೇತ್ರವೈದ್ಯನೇ ಇಲ್ಲದ ಊರಿನಲ್ಲಿ ಆಪ್ತನ ಲಕ್ಷಣವನ್ನು ಹಿಡಿದುಕೊಂಡು ಕುಳಿತರೆ, ಆ ಲಕ್ಷಣವು ಸಿದ್ಧಿಸುವಷ್ಟರಲ್ಲಿ ಜನರು ಕುರುಡರಾಗುವರು. ಈ ಮಾತುಗಳೆಲ್ಲ ನಿಜ. ಯಂತ್ರವು ಬೇಡವೆನ್ನುವುದು ಹೊಟ್ಟೆ ತುಂಬಿದವರ ಮಾತು. ಈ ಪೂರ್ವಪಕ್ಷದಿಂದ ಯಂತ್ರವು ಬೇಕೆಂಬುದೂ, ಅನಾಪ್ತನಾದ ವೈದ್ಯನು ನಿಂದ್ಯನೆಂಬುದೂ ಸಿದ್ಧವಾಗುವುದು. ಆಪ್ತನು ಬೇಡವೆಂಬುದು ಮಾತ್ರ ಸಿದ್ಧವಾಗುವುದಿಲ್ಲ. ಚೀಟಿಯನ್ನು ಗೀಚುವ ವೈದ್ಯನನ್ನು, ಯಾಕಪ್ಪ ಹೀಗೆ ಮಾಡಿದೆ ಎಂದು ಕೇಳಲು ಬರುತ್ತದೆ. ಕೇಳದಿದ್ದರೆ ಅದು ಕೇಳುವವರ ಹೇಡಿತನ. ಯಂತ್ರವನ್ನು ಹಾಗೆ ಕೇಳಲು ಬರುವುದಿಲ್ಲ.

ಈ ನಡುವೆ ಯಂತ್ರದ ಮೋಹದಿಂದ ಇನ್ನೊಂದು ಹಾನಿಯೂ ಉಂಟು. ಮದ್ರಾಸ್ ಮಧುಮೇಹ ಸಂಶೋಧನ ಪ್ರತಿಷ್ಠಾನದವರು 2005ರಲ್ಲಿ ಒಂದು ಸುಲಭವಾದ ಲೆಕ್ಕವನ್ನು ಪ್ರಕಟಿಸಿದರು. ವಯಸ್ಸೆಷ್ಟು, ಸೊಂಟದ ಸುತ್ತಳತೆಯೆಷ್ಟು, ಮೈ ಬಗ್ಗಿ ದುಡಿಯುವುದುಂಟೇ, ತಂದೆತಾಯಿಗಳಿಗೆ ಈ ರೋಗವಿತ್ತೇ ಎಂಬ ನಾಲ್ಕೇ ಪ್ರಶ್ನೆಗಳು. ಒಟ್ಟು ನೂರು ಅಂಕ. ಅರವತ್ತು ಮುಟ್ಟಿದವರು ರಕ್ತವನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ದರ್ಜಿಯ ಟೇಪೊಂದಿದ್ದರೆ ಹಳ್ಳಿಯ ಆಶಾ ಕಾರ್ಯಕರ್ತೆಯು ಜಗಲಿಯ ಮೇಲೆ ಕುಳಿತು ಈ ಲೆಕ್ಕವನ್ನು ಮಾಡಿ ಮುಗಿಸಬಲ್ಲಳು. ಇದರ ಹೇತುವು ಎಲ್ಲರಿಗೂ ತಿಳಿಯುವಂಥದು. ಕೇಳಿದವನು ತನ್ನ ಸೊಂಟವನ್ನು ತಾನೇ ನೋಡಿಕೊಳ್ಳಬಹುದು.

ರೋಗವನ್ನು ಹಿಡಿಯುವ ಮಾತು ಹೀಗಾದರೆ, ಹಿಡಿದ ಮೇಲೆ ಅದನ್ನು ಆಳುವ ಮಾತು ಇನ್ನೂ ಸೂಕ್ಷ್ಮವಾದುದು. ತೋಳಿಗೆ ಅಂಟಿಸಿಕೊಂಡ ಬಿಲ್ಲೆಯೊಂದು ಕೆಲವು ನಿಮಿಷಗಳಿಗೊಮ್ಮೆ ಸಕ್ಕರೆಯನ್ನು ಅಳೆದು ಫೋನಿಗೆ ತಿಳಿಸುತ್ತದೆ. ಇನ್ಸುಲಿನ್ ಇಲ್ಲದೆ ಬದುಕಲಾರದ ರೋಗಿಗಳಿಗೆಂದು, ಈ ಅಳತೆಯನ್ನು ನೋಡಿ ತಾನೇ ಇನ್ಸುಲಿನ್ನನ್ನು ಹೆಚ್ಚುಕಡಮೆ ಮಾಡುವ ಪಂಪಿಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರಾತ್ರಿ ನಿದ್ರೆಯಲ್ಲಿ ಸಕ್ಕರೆ ಇಳಿದು ಮಗುವಿನ ಪ್ರಾಣಕ್ಕೆ ಅಪಾಯವಾದೀತೆಂದು ಎಚ್ಚರವಿರುತ್ತಿದ್ದ ತಾಯಂದಿರಿಗೆ ಇದು ಎಂಥ ಉಪಕಾರವೆಂಬುದನ್ನು ಬಣ್ಣಿಸಬೇಕಾಗಿಲ್ಲ. ಆದರೂ ಊಟದ ಹೊತ್ತಿಗೆ ಆ ಪಂಪು ಮನುಷ್ಯನ ಮಾತನ್ನೇ ಕಾಯುತ್ತದೆ; ಎಷ್ಟು ಅನ್ನ ತಿಂದೆಯೆಂದು ಅವನು ಹೇಳಬೇಕು. ಅವನು ಸುಳ್ಳು ಹೇಳಿದರೆ ಯಂತ್ರವು ಆ ಸುಳ್ಳಿನ ಮೇಲೆಯೇ ಲೆಕ್ಕ ಹಾಕುವುದು.

ಚರಕನು ರೋಗಗಳ ಮೂಲಗಳಲ್ಲಿ ಪ್ರಜ್ಞಾಪರಾಧವನ್ನು ಎಣಿಸಿದ್ದಾನೆ. ಬುದ್ಧಿ, ಧೃತಿ, ಸ್ಮೃತಿಗಳು ಜಾರಿದಾಗ ಮನುಷ್ಯನು ಅಹಿತವೆಂದು ತಿಳಿದೂ ಮಾಡುವ ಕರ್ಮವಿದು. ಮಧುಮೇಹದಲ್ಲಿ ಈ ಅಪರಾಧಕ್ಕೆ ಹೆಚ್ಚು ಎಡೆಯುಂಟು, ಏಕೆಂದರೆ ಇಲ್ಲಿ ಕರ್ಮಕ್ಕೂ ಫಲಕ್ಕೂ ಅಂತರವು ಬಹಳ. ಇಂದು ತಿಂದ ಹೋಳಿಗೆಯು ಹದಿನೈದು ವರ್ಷಗಳ ಮೇಲೆ ಕಾಲಿನ ಹುಣ್ಣಾಗಿ ಬಂದರೆ, ಯಾವ ಹೋಳಿಗೆಯೆಂದು ಯಾರು ಹೇಳಬಲ್ಲರು? ಯಂತ್ರವು ಈ ಅಂತರವನ್ನು ಒಂದು ಗಂಟೆಗೆ ಇಳಿಸಿದೆ. ತಿಂದುದರ ಫಲವು ಗೆರೆಯಾಗಿ ಏರಿ ಕಣ್ಣ ಮುಂದೆಯೇ ನಿಲ್ಲುತ್ತದೆ. ಧೃತಿಯನ್ನು ಕೊಡುವುದು ಯಂತ್ರಕ್ಕೆ ಸಾಧ್ಯವಿಲ್ಲವಾದರೂ, ಸ್ಮೃತಿಯನ್ನಂತೂ ಅದು ಕೊಡುತ್ತದೆ. ಉಪದೇಶದ ಶಾಸ್ತ್ರಗ್ರಂಥಗಳು ಸಾವಿರಾರು ವರ್ಷಗಳಿಂದ ಮಾಡಲಾರದೆ ಹೋದುದನ್ನು ಒಂದು ಬಿಲ್ಲೆಯು ಮಾಡಿದರೆ ಅದನ್ನು ಹೊಗಳುವುದರಲ್ಲಿ ಜಿಪುಣತನವೇಕೆ?

ಆದರೆ ಆ ಗೆರೆಯನ್ನು ರೋಗಿಯೊಬ್ಬರೇ ನೋಡುವುದಿಲ್ಲ. ಮಗನು ಅಮೆರಿಕದಲ್ಲಿದ್ದರೂ ಮೈಸೂರಿನಲ್ಲಿರುವ ತಾಯಿಯ ಸಕ್ಕರೆಯ ಗೆರೆಯನ್ನು ತನ್ನ ಫೋನಿನಲ್ಲಿ ನೋಡುವ ಅನುಕೂಲವು ಈಗ ಇದೆ. ಅದು ಪ್ರೇಮವೇ, ಸಂದೇಹವಿಲ್ಲ. ಯುಗಾದಿಯ ಮಧ್ಯಾಹ್ನ ಗೆರೆಯು ಏರಿದುದನ್ನು ಕಂಡು ಮಗನು ಅರ್ಧರಾತ್ರಿಯಲ್ಲಿ ಎದ್ದು, "ಅಮ್ಮಾ, ಏನು ತಿಂದೆ?" ಎಂದು ಕೇಳಿದರೆ, ಎಪ್ಪತ್ತು ವರ್ಷಗಳ ಕಾಲ ಇತರರಿಗೆ ಬಡಿಸಿದ ಆ ಹೆಂಗಸು ಅಪರಾಧಿಯಂತೆ ಉತ್ತರ ಕೊಡಬೇಕಾಗುವುದು. ಕೆಲವರು ಅಂಥ ದಿನ ಬಿಲ್ಲೆಯನ್ನೇ ಕಿತ್ತಿಡಬಹುದು. ಪಥ್ಯವು ತನ್ನದಾಗಿದ್ದಾಗ ಸಂಯಮ. ಇನ್ನೊಬ್ಬರ ಕಾವಲಾದಾಗ ಸೆರೆ. ಮಗನು ನೋಡಲೇಕೂಡದೆಂದಲ್ಲ. ನೋಡುವ ಮುಂಚೆ ತಾಯಿಯ ಅನುಮತಿಯನ್ನು ಕೇಳಬೇಕು. ಬೇಡವೆಂದ ದಿನ ಕಣ್ಣು ಮುಚ್ಚಿಕೊಳ್ಳಬೇಕು. ಚರಕನು ಶಿಷ್ಯನಿಗೆ ವಿಧಿಸುವ ನಿಯಮಗಳಲ್ಲಿ, ರೋಗಿಯ ಮನೆಯ ಒಳಗಿನ ಸಂಗತಿಗಳನ್ನು ಹೊರಗೆ ಹೇಳಕೂಡದೆಂಬುದೂ ಒಂದು. ಮಗನಿಗೇ ಇಷ್ಟು ನಿಯಮವಿರಬೇಕಾದರೆ, ಅದೇ ಗೆರೆಗಳನ್ನು ತಮ್ಮ ಭಂಡಾರಗಳಲ್ಲಿ ಕೂಡಿಟ್ಟುಕೊಳ್ಳುವ ವ್ಯಾಪಾರಿಗಳಿಗೆ ಎಷ್ಟು ಇರಬೇಕು!

ಮತ್ತೆ ಕಣ್ಣಿನ ಯಂತ್ರಕ್ಕೆ ಬರೋಣ. ಥಾಯ್ಲೆಂಡಿನ ವರದಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಲಕುವ ಭಾಗವೊಂದುಂಟು. ಮೊದಲು ಅಲ್ಲಿ ಚಿತ್ರಗಳನ್ನು ದೂರದ ನೇತ್ರವೈದ್ಯರಿಗೆ ಕಳುಹಿಸಿ ಹತ್ತು ವಾರಗಳವರೆಗೂ ಕಾಯಬೇಕಾಗುತ್ತಿತ್ತು. ಯಂತ್ರವು ಅಲ್ಲಿಯೇ ಹೇಳತೊಡಗಿತು. ಕಾಯುವ ಕಷ್ಟವು ತಪ್ಪಿತೆಂದು ಎಲ್ಲರೂ ಸಂತೋಷಪಡಬೇಕಾಗಿತ್ತು. ಆದರೆ ರೋಗವಿದೆಯೆಂದೋ, ಚಿತ್ರವು ಸರಿಯಿಲ್ಲವೆಂದೋ ಯಂತ್ರವು ಹೇಳಿದೊಡನೆ ರೋಗಿಯು ಇನ್ನೊಂದು ದಿನ ಕೂಲಿಯನ್ನು ಬಿಟ್ಟು, ವಾಹನವನ್ನು ಹುಡುಕಿಕೊಂಡು ದೂರದ ಆಸ್ಪತ್ರೆಗೆ ಹೋಗಬೇಕು. ಇದನ್ನು ಬಲ್ಲ ದಾದಿಯರಲ್ಲಿ ಕೆಲವರು, ಈ ಪರೀಕ್ಷೆಗೆ ಸೇರಬೇಡಿರೆಂದು ರೋಗಿಗಳಿಗೆ ತಾವೇ ಹೇಳುತ್ತಿದ್ದರು. ಸೇರಿದರೆ ನಿಷ್ಕಾರಣವಾಗಿ ಕಷ್ಟಕ್ಕೆ ಸಿಕ್ಕಿಕೊಳ್ಳುವರೆಂದು ಅವರ ಭಯ.

ಆ ದಾದಿಯರು ಮಾಡಿದುದು ಸರಿಯೇ? ಕಣ್ಣು ಹೋಗುವ ಸಂಭವವನ್ನು ರೋಗಿಯು ತಿಳಿಯದಂತೆ ಮಾಡುವ ಅಧಿಕಾರವು ಯಾರಿಗೂ ಇಲ್ಲ. ಆದುದರಿಂದ ಅವರು ತಪ್ಪಿದರೆಂದು ಹೇಳಬೇಕಾಗುವುದು. ಚರಕನೂ ವೈದ್ಯನಿಗೆ, ಆಯುಸ್ಸು ತೀರಿತೆಂದು ಗೊತ್ತಾದರೂ ಕೇಳಿದವರಿಗೆ ಘಾತವಾಗುವಲ್ಲಿ ಹೇಳಬೇಡವೆಂದಿದ್ದಾನೆ. ಆದರೆ ಅದು ಉಪಾಯವಿಲ್ಲದ ಸ್ಥಿತಿಯ ಮಾತು; ಇಲ್ಲಿ ಉಪಾಯವುಂಟು, ಅದು ಐವತ್ತು ಮೈಲಿಯ ಆಚೆ ಇದೆ, ಅಷ್ಟೆ. ಇಷ್ಟು ಹೇಳಿದ ಮೇಲೂ ಆ ದಾದಿಯರ ಮೇಲೆ ಕೋಪ ಬರುವುದಿಲ್ಲ. ಯಂತ್ರವನ್ನು ಮಾಡಿದವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಅವರು ಕೇಳಿದರು: ಹೇಳಿದ ಮೇಲೆ ಇವಳು ಹೋಗುವುದು ಹೇಗೆ? ವಾತ್ಸ್ಯಾಯನನ ಲಕ್ಷಣದಲ್ಲಿ ಯಂತ್ರಕ್ಕೆ ಇಲ್ಲವೆಂದು ಮೇಲೆ ಹೇಳಿದ ಎರಡನೆಯ ಅಂಶದ ಬೇರು ಆ ದಾದಿಯರಲ್ಲಿತ್ತು. ಅದು ತಪ್ಪು ದಾರಿಗೆ ಹರಿಯಿತು.

ಇದೇ ಯಂತ್ರವು ಈ ದೇಶದ ಒಂದು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿತೆಂದು ಭಾವಿಸೋಣ. ಕಡಲೆಕಾಯಿಯ ಹೊಲದಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ಮಾತ್ರೆಗಾಗಿ ಬಂದಿದ್ದಾಳೆ. ಫೋನನ್ನು ಕಣ್ಣಿಗೆ ಹಿಡಿದರು. ನೇತ್ರವೈದ್ಯರ ಬಳಿಗೆ ಹೋಗತಕ್ಕದ್ದು ಎಂದು ವಾಕ್ಯವು ಬಂದಿತು. ಅವಳಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿದೆ. ಸೂಜಿಗೆ ದಾರ ಪೋಣಿಸುತ್ತಾಳೆ. ಯಂತ್ರದ ಮಾತನ್ನು ಅವಳು ಏಕೆ ನಂಬಬೇಕು? ನಂಬಿದರೂ ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ವಾರ ಕಣ್ಣಿನ ವೈದ್ಯರು ಸಿಗುವರು, ಬಸ್ಸು ಎಷ್ಟು ಹೊತ್ತಿಗೆ, ಜೊತೆಗೆ ಬರುವವರು ಯಾರು, ಆ ದಿನದ ಕೂಲಿ ಹೋದರೆ ಮನೆಯಲ್ಲಿ ಒಲೆ ಹೇಗೆ? ಪಕ್ಕದಲ್ಲಿ ನಿಂತ ದಾದಿಯು ಅವಳನ್ನು ಬೆಂಚಿನ ಮೇಲೆ ಕುಳ್ಳಿರಿಸಿ, ಚಿತ್ರದಲ್ಲಿನ ಕೆಂಪು ಚುಕ್ಕೆಯನ್ನು ತೋರಿಸಿ, "ನೋಡಕ್ಕಾ, ಇಲ್ಲಿ ರಕ್ತ ಜಿನುಗಿದೆ, ಈಗ ಹೋದರೆ ಕಣ್ಣು ಉಳಿಯುತ್ತದೆ" ಎಂದು ಹೇಳಬಲ್ಲಳಾದರೆ ಐದು ಅವಯವಗಳಲ್ಲಿ ಮೂರಾದರೂ ಆ ಹೆಂಗಸಿಗೆ ಮುಟ್ಟಿದುವು. ಹೀಗೆ ಹೇಳಲು ದಾದಿಗೆ ಕಲಿಸಬೇಕು. ಹೇಳುವಷ್ಟು ಹೊತ್ತು ಕೊಡಬೇಕು. ಇದಕ್ಕೆ ಆಗುವ ವೆಚ್ಚವನ್ನು ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ಈಗ ಅವಳ ಕೈಗೆ ಬರುವ ಚೀಟಿಯಲ್ಲಿ ರೋಗದ ಹೆಸರೂ ಯಂತ್ರದ ಹೆಸರೂ ಇರುತ್ತವೆ. ಅದರ ಕೆಳಗೆ ನೇತ್ರವೈದ್ಯರ ಹೆಸರು, ಅವರು ನೋಡುವ ದಿನ, ಬಸ್ಸಿನ ಹೊತ್ತು, ಅವಳು ಬಾರದಿದ್ದರೆ ಮನೆಗೆ ಬಂದು ವಿಚಾರಿಸತಕ್ಕವರ ಸಹಿ, ಇಷ್ಟಕ್ಕೆ ನಾಲ್ಕು ಸಾಲಿನ ಸ್ಥಳ ಸಾಕು.